ಕುದುರೆಯ ದಾರಿಗೆ ಬಂದ ಕರಡಿ: ಸುರಕ್ಷತೆಯ ಬೆಲೆ ತೆರುವವರು ಯಾರು?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗಿಬರುವ ನಮ್ಮ ತಂದೆತಾಯಿಯರ ಪಾಲಿಗೆ ಹೊಸದೊಂದು ಖರ್ಚು ಸೇರಿಕೊಂಡಿದೆ. 2026ರ ಜನವರಿ 1ರಿಂದ ಯೆಲ್ಲೋಸ್ಟೋನ್, ಗ್ಲೇಸಿಯರ್ ಸೇರಿದಂತೆ 11 ರಾಷ್ಟ್ರೀಯ ಉದ್ಯಾನಗಳಲ್ಲಿ, ಆ ದೇಶದ ನಿವಾಸಿಗಳಲ್ಲದ ಪ್ರವಾಸಿಗರು ವಾರ್ಷಿಕ ಪಾಸ್ ಹೊಂದಿರದಿದ್ದರೆ, ಸಾಮಾನ್ಯ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಹೆಚ್ಚುವರಿಯಾಗಿ ತೆರಬೇಕೆಂದು ಅಲ್ಲಿನ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 9 ಸಾವಿರ ರೂಪಾಯಿ. ಅದೇ ವರ್ಷ, ಈ ಉದ್ಯಾನಗಳ ಸುತ್ತಮುತ್ತ ವಾಸಿಸುವ ಗ್ರಿಜ್ಲಿ ಕರಡಿಯನ್ನು ಸಂರಕ್ಷಿತ ಪ್ರಾಣಿಗಳ ಪಟ್ಟಿಯಿಂದ ಕೈಬಿಡಬೇಕೇ ಬೇಡವೇ ಎಂಬ ಹಳೆಯ ವಿವಾದವೂ ಮತ್ತೆ ಬಿರುಸಾಯಿತು. ಪ್ರವೇಶ ಶುಲ್ಕಕ್ಕೂ ಕರಡಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕುದುರೆಯೇರಿ ಕಾಡಿನ ಕಿರುದಾರಿಯಲ್ಲಿ ಸಾಗುವ ಪ್ರವಾಸಿಗನಿಗೆ ಕರಡಿ ಎದುರಾಗುವ ಆ ಒಂದೆರಡು ನಿಮಿಷಗಳಲ್ಲಿ ಈ ಎರಡೂ ಒಟ್ಟಿಗೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಪಶ್ಚಿಮ ಭಾಗದ ಕಾಡುಗಳಲ್ಲಿ ಕುದುರೆ ಕೇವಲ ವಿನೋದದ ವಾಹನವಲ್ಲ. 1964ರ ಅರಣ್ಯಪ್ರದೇಶ ಕಾಯ್ದೆಯ ಪ್ರಕಾರ, 'ವಿಲ್ಡರ್ನೆಸ್' ಎಂದು ಘೋಷಿತವಾದ ಪ್ರದೇಶಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಸೈಕಲ್ಲಿಗೂ ಇಲ್ಲ. ಮೊಂಟಾನಾ ರಾಜ್ಯದ ಬಾಬ್ ಮಾರ್ಷಲ್ ಅರಣ್ಯಪ್ರದೇಶವೊಂದೇ ಹತ್ತು ಲಕ್ಷ ಎಕರೆಗಿಂತ ದೊಡ್ಡದು. ಅಲ್ಲಿ ನಡೆಯಬೇಕು, ಇಲ್ಲವೇ ಕುದುರೆ ಏರಬೇಕು. ಅರಣ್ಯ ಇಲಾಖೆಯವರು ಕಿರುಸೇತುವೆಯ ಮರಮುಟ್ಟುಗಳನ್ನೂ ಹೇಸರಗತ್ತೆಗಳ ಬೆನ್ನ ಮೇಲೆ ಸಾಗಿಸುತ್ತಾರೆ. ಬೇಟೆಗಾರರು, ಮೀನು ಹಿಡಿಯುವವರು, ಒಂದೆರಡು ತಾಸಿನ ಸವಾರಿಗೆಂದು ಬರುವ ಕುಟುಂಬಗಳು, ಎಲ್ಲರೂ ಇದೇ ದಾರಿಗಳನ್ನು ಬಳಸುತ್ತಾರೆ. ಕರಡಿಗಳೂ ಬಳಸುತ್ತವೆ. ಮನುಷ್ಯ ಸಮತಟ್ಟು ಮಾಡಿಟ್ಟ ದಾರಿ ಪ್ರಾಣಿಗೂ ಅನುಕೂಲವೇ.

ಇಂತಹ ದಾರಿಯೊಂದರಲ್ಲಿ 2011ರ ಜುಲೈ 30ರಂದು ನಡೆದ ಘಟನೆ ಆ ದೇಶದಾದ್ಯಂತ ಸುದ್ದಿಯಾಗಿತ್ತು. ಗ್ಲೇಸಿಯರ್ ಉದ್ಯಾನದ ಸಮೀಪ ಪ್ರವಾಸಿಗರ ತಂಡವೊಂದು ಕುದುರೆಗಳ ಮೇಲೆ ಸಾಗುತ್ತಿತ್ತು. ಜಿಂಕೆಯೊಂದು ಪೊದೆಯಿಂದ ಹೊರಗೆ ಹಾರಿತು. ಅದರ ಹಿಂದೆಯೇ ಗ್ರಿಜ್ಲಿ ಕರಡಿ. ಎಂಟು ವರ್ಷದ ಬಾಲಕನೊಬ್ಬ ಕುಳಿತಿದ್ದ ಕುದುರೆ ಬೆದರಿ ಕಾಡಿನೊಳಕ್ಕೆ ಓಡಿತು, ಕರಡಿಯೂ ಅದೇ ದಿಕ್ಕಿಗೆ ತಿರುಗಿತು. ತಂಡದ ಮಾರ್ಗದರ್ಶಿಯಾಗಿದ್ದ ಯುವತಿ ತನ್ನ ಭಾರಿ ಗಾತ್ರದ ಬಿಳಿ ಕುದುರೆಯನ್ನು ಕರಡಿಯ ಮೇಲೆಯೇ ನುಗ್ಗಿಸಿದಳು. ಮೂರು ಬಾರಿ ನುಗ್ಗಿದ ಮೇಲೆ ಕರಡಿ ಹಿಂಜರಿಯಿತು. ಬಾಲಕ ಉಳಿದ. ಆಕೆಯ ಸಾಹಸ ನಿಜವಾದುದು, ಮೆಚ್ಚತಕ್ಕದ್ದು. ಆದರೆ ಇಂತಹ ಘಟನೆ ಸುದ್ದಿಯಾಗುವುದು ಅದು ಅಪರೂಪವಾದುದರಿಂದ. ಆ ಬೇಸಿಗೆಯಲ್ಲಿ ಅದೇ ಕಾಡಿನಲ್ಲಿ ಯಾವ ಸಾಹಸವೂ ಬೇಕಾಗದೆ ಮುಗಿದ ಸವಾರಿಗಳ ಬಗ್ಗೆ ಯಾರೂ ಬರೆಯಲಿಲ್ಲ. ಆಡಳಿತದಲ್ಲಿ ದುಡಿದವನಿಗೆ ಕುತೂಹಲ ಹುಟ್ಟಿಸುವುದು ಈ ಎರಡನೆಯ ಸಂಗತಿ.

ಅಂತಹದೊಂದು ಸವಾರಿಯನ್ನು ನಾನೂ ಮಾಡಿದ್ದೇನೆ. ಸರ್ಕಾರಿ ಅಧಿಕಾರಿಗೂ ಕುದುರೆಗೂ ಹಳೆಯ ನಂಟು. ಐಸಿಎಸ್‌ನ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಅರವಿಂದ ಘೋಷರು ಸೇವೆಗೆ ಸೇರದೇ ಉಳಿದದ್ದು ಸವಾರಿಯ ಪರೀಕ್ಷೆಗೆ ಹಾಜರಾಗದ ಕಾರಣದಿಂದ. ನನ್ನ ಕಾಲಕ್ಕೆ ಆ ಕಟ್ಟುನಿಟ್ಟು ಉಳಿದಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳಲ್ಲಿ, ಮಗಳ ಕುಟುಂಬದೊಂದಿಗೆ ಮೊಂಟಾನಾದ ಕಾಡೊಂದರಲ್ಲಿ ಎರಡು ತಾಸಿನ ಸವಾರಿಗೆ ಹೋದೆ. ಹೊರಡುವ ಮುನ್ನ ಮಾರ್ಗದರ್ಶಿ ಹತ್ತು ನಿಮಿಷ ಪಾಠ ಹೇಳಿದ. ಜೇಬಿನಲ್ಲಿ ತಿಂಡಿ ಇರಕೂಡದು. ಸಾಲು ಬಿಡಕೂಡದು. ಕರಡಿ ಕಂಡರೆ ಕಿರುಚಕೂಡದು, ಇಳಿಯಕೂಡದು, ಯಾವ ಕಾರಣಕ್ಕೂ ಕುದುರೆಯನ್ನು ಓಡಿಸಕೂಡದು. ದಾರಿಯ ತಿರುವು ಬಂದಾಗಲೆಲ್ಲ ಆತ ಗಟ್ಟಿಯಾಗಿ ಕೂಗುತ್ತಿದ್ದ. ಅರ್ಧ ದಾರಿಯಲ್ಲಿ ಮುಂದಿನ ಕುದುರೆ ಕಿವಿ ನಿಮಿರಿಸಿ ನಿಂತಿತು. ಇಳಿಜಾರಿನ ಹಕಲ್‌ಬೆರ್ರಿ ಪೊದೆಗಳ ನಡುವೆ, ಸುಮಾರು ನೂರೈವತ್ತು ಮೀಟರ್ ದೂರದಲ್ಲಿ, ಕಂದುಬಣ್ಣದ ಬೆನ್ನೊಂದು ಅಲುಗಾಡುತ್ತಿತ್ತು. ಮಾರ್ಗದರ್ಶಿ ಮಾತಿನ ಧಾಟಿ ಬದಲಿಸದೆ ನಮ್ಮ ಹೆಸರುಗಳನ್ನು ಒಂದೊಂದಾಗಿ ಕರೆದು, ಕುದುರೆಗಳನ್ನು ಒಂದರ ಹಿಂದೆ ಒಂದರಂತೆ ತಿರುಗಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಕರೆತಂದ. ಕರಡಿ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಹಣ್ಣಿಗೆ ಬಾಯಿ ಹಾಕಿತು. ನಡೆದದ್ದು ಇಷ್ಟೇ. ಸಂಜೆ ಲಾಯಕ್ಕೆ ಮರಳಿದ ಬಳಿಕ ಆತ ಒಂದು ನಮೂನೆಯಲ್ಲಿ ಸ್ಥಳ, ಸಮಯ, ದೂರ, ಕರಡಿಯ ವರ್ತನೆಗಳನ್ನು ಬರೆಯುತ್ತಿದ್ದುದು ಕಂಡಿತು. ಕರಡಿಯಷ್ಟೇ ಆ ನಮೂನೆಯೂ ನನ್ನ ನೆನಪಿನಲ್ಲಿ ನಿಂತಿದೆ.

ಕುದುರೆಯ ಮೇಲಿರುವವರ ಮೇಲೆ ಕರಡಿ ಎರಗುವುದು ವಿರಳ ಎಂಬುದಕ್ಕೆ ಕಾರಣಗಳಿವೆ. ಕುದುರೆ ಮತ್ತು ಸವಾರ ಕೂಡಿ ದೊಡ್ಡ ಆಕಾರವಾಗುತ್ತಾರೆ. ಹಲವು ಕುದುರೆಗಳ ಸಾಲು ಸದ್ದು ಮಾಡುತ್ತಲೇ ಸಾಗುತ್ತದೆ. ಹಾಗಾಗಿ ಕರಡಿ ಬೆಚ್ಚಿಬೀಳುವ ಸಂದರ್ಭ ಕಡಿಮೆ. ಗ್ರಿಜ್ಲಿಯ ದಾಳಿಗಳಲ್ಲಿ ಹೆಚ್ಚಿನವು ಅದು ಹತ್ತಿರದಲ್ಲಿ ಥಟ್ಟನೆ ಬೆದರಿದಾಗ, ಮರಿಗಳನ್ನೋ ಆಹಾರವನ್ನೋ ಕಾಯುವಾಗ ಆಗುವಂಥವು. ಮೂರನೆಯದಾಗಿ, ಮನುಷ್ಯನಿಗಿಂತ ಮೊದಲೇ ಕುದುರೆ ವಾಸನೆಯಿಂದ, ಸದ್ದಿನಿಂದ ಕರಡಿಯನ್ನು ಪತ್ತೆಹಚ್ಚುತ್ತದೆ. ಸವಾರನಿಗೆ ನಿಜವಾದ ಅಪಾಯ ಕುದುರೆ ಬೆದರಿ ಆತನನ್ನು ನೆಲಕ್ಕೆ ಕೆಡಹುವುದರಲ್ಲಿದೆ. ಆದ್ದರಿಂದಲೇ ಕರಡಿ ನಿರೋಧಕ ಸ್ಪ್ರೇ ಡಬ್ಬಿಯನ್ನು ತಡಿಯ ಚೀಲದಲ್ಲಿಡದೆ ಸೊಂಟಕ್ಕೆ ಕಟ್ಟಿಕೊಳ್ಳಬೇಕೆಂದು ಹೇಳುತ್ತಾರೆ. ಚೀಲದಲ್ಲಿಟ್ಟರೆ ಸವಾರ ಬಿದ್ದಾಗ ಕುದುರೆಯ ಜೊತೆ ಅದೂ ಓಡಿಹೋಗುತ್ತದೆ. ಈ ಸ್ಪ್ರೇಯ ಸತ್ವ ನಮಗೆ ಅಪರಿಚಿತವಲ್ಲ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ನೇ ಅದು. ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ನಡೆದ ಪ್ರಕರಣಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಹಿಡಿದಿದ್ದವರ ಪೈಕಿ ಶೇ 98 ಮಂದಿಗೆ ಗಾಯವೇ ಆಗಲಿಲ್ಲ.

ಇವೆಲ್ಲ ಸವಾರನ ಕೈಯಲ್ಲಿರುವ ಎಚ್ಚರಗಳು. ಇವುಗಳಿಗಿಂತ ದೊಡ್ಡದೊಂದು ಎಚ್ಚರ ಆತನ ಕಣ್ಣಿಗೆ ಬೀಳದ ಕಡೆ ಇದೆ. ಮನುಷ್ಯನನ್ನು ಕಂಡ ಕರಡಿ ಹಣ್ಣು ತಿನ್ನುವುದನ್ನು ಏಕೆ ಮುಂದುವರಿಸಿತು? ಮನುಷ್ಯನ ಬಳಿ ಆಹಾರ ಸಿಗುತ್ತದೆಂಬ ಪಾಠವನ್ನು ಅದು ಕಲಿತಿರಲಿಲ್ಲ ಎಂಬುದೇ ಉತ್ತರ. ಆ ಪಾಠ ಕಲಿಯದಂತೆ ಮಾಡಲು ಅರ್ಧ ಶತಮಾನ ಹಿಡಿದಿದೆ.

ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಒಂದು ಕಾಲಕ್ಕೆ ಹೋಟೆಲುಗಳ ಎಂಜಲು ತಿನ್ನಲು ಬರುವ ಕರಡಿಗಳನ್ನು ಪ್ರವಾಸಿಗರು ಸಾಲಾಗಿ ಕುಳಿತು ನೋಡುತ್ತಿದ್ದರು. ರಸ್ತೆ ಬದಿಯಲ್ಲಿ ಕಾರಿನ ಕಿಟಕಿಯಿಂದ ಕರಡಿಗೆ ತಿಂಡಿ ಕೊಡುವುದು ಪ್ರವಾಸದ ಭಾಗವೇ ಆಗಿತ್ತು. ಇದರ ಫಲವಾಗಿ 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಮಂದಿ ಅಲ್ಲಿ ಕರಡಿಗಳಿಂದ ಗಾಯಗೊಂಡರು. 1967ರ ಆಗಸ್ಟ್ 13ರ ನಸುಕಿನಲ್ಲಿ ಗ್ಲೇಸಿಯರ್ ಉದ್ಯಾನದ ಎರಡು ಬೇರೆ ಬೇರೆ ಸ್ಥಳಗಳಲ್ಲಿ 19 ವರ್ಷದ ಇಬ್ಬರು ಯುವತಿಯರನ್ನು ಎರಡು ಗ್ರಿಜ್ಲಿಗಳು ಕೊಂದವು. ಎರಡೂ ಕಡೆ ಕರಡಿಗಳು ಮನುಷ್ಯರ ಎಂಜಲಿಗೆ ಒಗ್ಗಿಹೋಗಿದ್ದವು. ಆ ಆಘಾತದ ನಂತರ, 1970ರಲ್ಲಿ ಯೆಲ್ಲೋಸ್ಟೋನ್ ಹೊಸ ನೀತಿಯನ್ನು ಜಾರಿಗೆ ತಂದಿತು: ಕಸದ ಗುಂಡಿಗಳನ್ನು ಮುಚ್ಚುವುದು, ಕರಡಿ ತೆರೆಯಲಾಗದ ಕಸದ ಡಬ್ಬಿಗಳನ್ನು ಇಡುವುದು, ಆಹಾರ ನೀಡುವವರಿಗೆ ದಂಡ ವಿಧಿಸುವುದು. ಗುಂಡಿಗಳನ್ನು ಹಂತಹಂತವಾಗಿ ಮುಚ್ಚಬೇಕೆಂದು ಸಂಶೋಧಕ ಸಹೋದರರಾದ ಫ್ರ್ಯಾಂಕ್ ಮತ್ತು ಜಾನ್ ಕ್ರೇಗ್‌ಹೆಡ್ ವಾದಿಸಿದ್ದರು. ಆಡಳಿತ ಬೇಗನೆ ಮುಚ್ಚಿತು. ಎಂಜಲನ್ನೇ ನಂಬಿದ್ದ ಕರಡಿಗಳು ಶಿಬಿರಗಳಿಗೆ ನುಗ್ಗಿ ದೊಡ್ಡ ಸಂಖ್ಯೆಯಲ್ಲಿ ಗುಂಡಿಗೆ ಬಲಿಯಾದವು. 1975ರಲ್ಲಿ ಗ್ರಿಜ್ಲಿಯನ್ನು ಸಂರಕ್ಷಿತ ಪಟ್ಟಿಗೆ ಸೇರಿಸಬೇಕಾಯಿತು. 1983ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಇಲಾಖೆಗಳನ್ನು ಒಂದೆಡೆ ತರುವ ಸಮನ್ವಯ ಸಮಿತಿ ರಚನೆಯಾಯಿತು.

ಅಂದಿನಿಂದ ಕಟ್ಟಿಕೊಂಡು ಬಂದ ಶಿಸ್ತು ಇಂದು ಕುದುರೆ ಸವಾರನನ್ನೂ ಬಿಟ್ಟಿಲ್ಲ. ಅರಣ್ಯದಲ್ಲಿ ತಂಗುವವರು ತಮ್ಮ ಆಹಾರವನ್ನಷ್ಟೇ ಅಲ್ಲದೆ ಕುದುರೆಯ ಧಾನ್ಯವನ್ನೂ ನೆಲದಿಂದ 10 ಅಡಿ ಎತ್ತರಕ್ಕೆ, ಮರದ ಕಾಂಡದಿಂದ 4 ಅಡಿ ದೂರಕ್ಕೆ ತೂಗುಹಾಕಬೇಕು. ಇಲ್ಲವೇ ಕರಡಿ ಒಡೆಯಲಾಗದ ಪೆಟ್ಟಿಗೆಯಲ್ಲಿಡಬೇಕು. ಯೆಲ್ಲೋಸ್ಟೋನಿನಲ್ಲಿ ಕರಡಿಯಿಂದ 100 ಗಜ ದೂರವಿರಬೇಕು. ಕರಡಿ ಸತ್ತ ಪ್ರಾಣಿಯನ್ನು ತಿನ್ನುತ್ತಿದ್ದರೆ ಆ ದಾರಿಯನ್ನೇ ಮುಚ್ಚುತ್ತಾರೆ. ಫಲಿತಾಂಶ ಕಣ್ಣೆದುರಿಗಿದೆ. 1975ರ ಸುಮಾರಿಗೆ ಯೆಲ್ಲೋಸ್ಟೋನ್ ಪ್ರದೇಶದಲ್ಲಿ 136ರಷ್ಟು ಕಡಿಮೆ ಇದ್ದಿರಬಹುದೆಂದು ಅಂದಾಜಿಸಲಾದ ಗ್ರಿಜ್ಲಿಗಳ ಸಂಖ್ಯೆ ಇಂದು ಸುಮಾರು ಒಂದು ಸಾವಿರ. ಪ್ರವಾಸಿಗರ ಸಂಖ್ಯೆಯೂ ಏರಿದೆ. ಆದರೂ 1979ರ ನಂತರದ ಲೆಕ್ಕದಲ್ಲಿ ಉದ್ಯಾನದೊಳಗೆ ಗ್ರಿಜ್ಲಿಯಿಂದ ಗಾಯಗೊಳ್ಳುವ ಸಾಧ್ಯತೆ ಸುಮಾರು 27 ಲಕ್ಷ ಭೇಟಿಗಳಿಗೆ ಒಂದು. ಕರಡಿಯೂ ಹೆಚ್ಚಿ, ಜನರೂ ಹೆಚ್ಚಿ, ಅಪಾಯ ಮಾತ್ರ ಇಳಿದ ಉದಾಹರಣೆ ವನ್ಯಜೀವಿ ಆಡಳಿತದಲ್ಲಿ ಹೆಚ್ಚು ಸಿಗಲಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಸಾರ್ವಜನಿಕ ಸರಕು ಎಂದು ಗುರುತಿಸುತ್ತಾರೆ. ಒಬ್ಬ ಶಿಬಿರದಾರ ತನ್ನ ಕಸವನ್ನು ಸರಿಯಾಗಿ ಕಟ್ಟಿಟ್ಟರೆ ಅದರ ಲಾಭ ಮುಂದಿನ ವಾರ ಆ ದಾರಿಯಲ್ಲಿ ಬರುವ ಅಪರಿಚಿತ ಸವಾರನಿಗೆ ದೊರೆಯುತ್ತದೆ. ಕಟ್ಟಿಡದಿದ್ದರೆ ನಷ್ಟವೂ ಆ ಅಪರಿಚಿತನದೇ. ಇಂತಹ ಸರಕನ್ನು ಮಾರುಕಟ್ಟೆ ತಾನಾಗಿ ಉತ್ಪಾದಿಸುವುದಿಲ್ಲ. ನಿಯಮ ಬೇಕು, ನಿಯಮವನ್ನು ಜಾರಿಗೊಳಿಸುವ ಸಿಬ್ಬಂದಿ ಬೇಕು, ಸಿಬ್ಬಂದಿಗೆ ಸಂಬಳ ಬೇಕು. ಜನರು ಇದಕ್ಕೆ ಹಣ ಕೊಡಲಾರರು ಎಂದೇನೂ ಇಲ್ಲ. ಯೆಲ್ಲೋಸ್ಟೋನಿನ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ರಸ್ತೆ ಬದಿಯಲ್ಲಿ ಕರಡಿ ಕಾಣುವ ಅವಕಾಶ ಉಳಿಯುವುದಾದರೆ ಪ್ರವಾಸಿಗರು ಸುಮಾರು 41 ಡಾಲರ್ ಹೆಚ್ಚಿನ ಶುಲ್ಕ ತೆರಲು ಸಿದ್ಧರಿದ್ದರು. ಆ ಅವಕಾಶ ತಪ್ಪಿದರೆ ಸ್ಥಳೀಯ ಆರ್ಥಿಕತೆಗೆ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚಿನ ನಷ್ಟವಾಗಿ 155 ಉದ್ಯೋಗಗಳು ಇಲ್ಲವಾಗುತ್ತವೆ ಎಂದೂ ಅದು ಲೆಕ್ಕ ಹಾಕಿತ್ತು.

ವಿಪರ್ಯಾಸವೆಂದರೆ, ಯಶಸ್ವಿಯಾದ ಸುರಕ್ಷತೆ ಕಣ್ಣಿಗೆ ಕಾಣುವುದಿಲ್ಲ. ಆಗದೇ ಹೋದ ಅಪಘಾತಕ್ಕೆ ಛಾಯಾಚಿತ್ರವಿಲ್ಲ. ಉಳಿತಾಯದ ಕತ್ತರಿ ಆಡಿಸುವವರಿಗೆ ಮೊದಲು ಅನಗತ್ಯವೆನಿಸುವುದು ಇಂತಹ ಕೆಲಸವೇ. 2025ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಸುಮಾರು ಒಂದು ಸಾವಿರ ಪ್ರೊಬೇಷನರಿ ನೌಕರರನ್ನು ಕೆಲಸದಿಂದ ತೆಗೆಯಲಾಯಿತು. ಅರಣ್ಯ ಸೇವೆಯಲ್ಲೂ ಅದೇ ಆಯಿತು. ನ್ಯಾಯಾಲಯಗಳ ಮಧ್ಯಪ್ರವೇಶದಿಂದ ಕೆಲವರು ಮರಳಿದರೂ, ಅದೇ ಜುಲೈ ಹೊತ್ತಿಗೆ ಉದ್ಯಾನ ಸೇವೆಯ ಖಾಯಂ ಸಿಬ್ಬಂದಿ ಶೇ 24ರಷ್ಟು ಕುಸಿದಿದೆ ಎಂದು ನ್ಯಾಷನಲ್ ಪಾರ್ಕ್ಸ್ ಕನ್ಸರ್ವೇಶನ್ ಅಸೋಸಿಯೇಷನ್ ಹೇಳಿತು. 2026ರ ಆರ್ಥಿಕ ವರ್ಷಕ್ಕೆ ಈ ಸೇವೆಯ ಅನುದಾನದಲ್ಲಿ 100 ಕೋಟಿ ಡಾಲರಿಗೂ ಹೆಚ್ಚಿನ ಕಡಿತವನ್ನು ಆಡಳಿತ ಪ್ರಸ್ತಾಪಿಸಿತ್ತು. ಈ ಹಿನ್ನೆಲೆಯಲ್ಲಿ ವಿದೇಶಿ ಪ್ರವಾಸಿಗರ ಮೇಲಿನ 100 ಡಾಲರ್ ಶುಲ್ಕವನ್ನು ನೋಡಬೇಕು. ನನಗೆ ಆ ಶುಲ್ಕದ ಬಗ್ಗೆ ತಕರಾರಿಲ್ಲ. ನಮ್ಮ ಸ್ಮಾರಕಗಳಲ್ಲೂ ವಿದೇಶಿಯರಿಂದ ಹೆಚ್ಚು ಶುಲ್ಕ ಪಡೆಯುತ್ತೇವೆ. 2004ರ ಕಾಯ್ದೆಯೊಂದರ ಪ್ರಕಾರ ಅಲ್ಲಿ ಸಂಗ್ರಹವಾದ ಪ್ರವೇಶ ಶುಲ್ಕದ ಕನಿಷ್ಠ ಶೇ 80 ಭಾಗ ಆಯಾ ಉದ್ಯಾನದಲ್ಲೇ ಉಳಿಯುವ ಉತ್ತಮ ಪದ್ಧತಿಯೂ ಇದೆ. ಆದರೆ ಹೊಸ ಆದಾಯ ಹಳೆಯ ಅನುದಾನದ ಜೊತೆಗೆ ಬರಬೇಕು, ಅದರ ಸ್ಥಾನದಲ್ಲಿ ಅಲ್ಲ. ಒಂದು ಕೈಯಿಂದ ಸೆಸ್ ವಸೂಲು ಮಾಡಿ ಇನ್ನೊಂದು ಕೈಯಿಂದ ಬಜೆಟ್ ಇಳಿಸುವ ಲೆಕ್ಕಾಚಾರವನ್ನು ನಮ್ಮ ಸಚಿವಾಲಯಗಳಲ್ಲಿ ಕುಳಿತವರು ಚೆನ್ನಾಗಿ ಬಲ್ಲರು.

ಕರಡಿಯ ಕಾನೂನು ಸ್ಥಾನಮಾನದ ವಿವಾದವೂ ಕೊನೆಗೆ ಇಲ್ಲಿಗೇ ಬರುತ್ತದೆ. ಯೆಲ್ಲೋಸ್ಟೋನ್ ಪ್ರದೇಶದ ಗ್ರಿಜ್ಲಿಯನ್ನು 2007ರಲ್ಲಿ ಪಟ್ಟಿಯಿಂದ ಕೈಬಿಡಲಾಯಿತು. 2009ರಲ್ಲಿ ನ್ಯಾಯಾಲಯ ಮರಳಿ ಸೇರಿಸಿತು. 2017ರಲ್ಲಿ ಮತ್ತೆ ಕೈಬಿಟ್ಟರು. ವಯೋಮಿಂಗ್ ರಾಜ್ಯ 22 ಕರಡಿಗಳವರೆಗೆ ಬೇಟೆಯಾಡಲು ಅನುಮತಿ ನೀಡಲು ಸಿದ್ಧತೆ ನಡೆಸಿದ್ದಾಗ, 2018ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಡಾನಾ ಕ್ರಿಸ್ಟೆನ್ಸನ್ ಆ ಆದೇಶವನ್ನು ರದ್ದುಪಡಿಸಿದರು. 2025ರ ಜನವರಿಯಲ್ಲಿ ಕೇಂದ್ರದ ಮೀನು ಮತ್ತು ವನ್ಯಜೀವಿ ಸೇವೆ ಮೊಂಟಾನಾ ಮತ್ತು ವಯೋಮಿಂಗ್ ರಾಜ್ಯಗಳ ಮನವಿಯನ್ನು ತಿರಸ್ಕರಿಸಿ ರಕ್ಷಣೆಯನ್ನು ಮುಂದುವರಿಸಿತು. ಅದೇ ವರ್ಷ, ಕರಡಿಯನ್ನು ಪಟ್ಟಿಯಿಂದ ಕೈಬಿಡುವ ಮಸೂದೆ ಸಂಸತ್ತಿನಲ್ಲಿ ಮಂಡನೆಯಾಯಿತು.

ಪಟ್ಟಿಯಿಂದ ಬಿಡಬೇಕೆನ್ನುವ ರಾಜ್ಯಗಳ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕರಡಿಯನ್ನು ನೋಡುವ ಸಂತೋಷ ಪ್ರವಾಸಿಗರದು. ಕರು ಕಳೆದುಕೊಳ್ಳುವವನು ಸ್ಥಳೀಯ ರೈತ. ವಯೋಮಿಂಗ್‌ನಲ್ಲಿ ಕರಡಿ ಕೊಂದದ್ದು ದೃಢಪಟ್ಟ ಒಂದು ಕರುವಿಗೆ ಮೂರೂವರೆ ಕರುಗಳವರೆಗಿನ ಬೆಲೆ ಕೊಡುವ ವ್ಯವಸ್ಥೆಯಿದೆ, ಏಕೆಂದರೆ ವಿಶಾಲವಾದ ಕಾಡಿನಲ್ಲಿ ಸತ್ತ ಎಲ್ಲ ಕರುಗಳ ಕಳೇಬರ ಸಿಗುವುದಿಲ್ಲ. ಕಾಡಿನಲ್ಲೇ ದುಡಿಯುವವರ ಪಾಡು ಇನ್ನೂ ಕಠಿಣ. 2018ರ ಸೆಪ್ಟೆಂಬರಿನಲ್ಲಿ ವಯೋಮಿಂಗ್‌ನ ಟೀಟನ್ ಅರಣ್ಯಪ್ರದೇಶದಲ್ಲಿ ಹಿಂದಿನ ದಿನ ಬೇಟೆಯಾಡಿದ ಎಲ್ಕ್ ಕಡವೆಯ ಮಾಂಸ ತರಲು ಹೋದ ಮಾರ್ಗದರ್ಶಿಯೊಬ್ಬರನ್ನು ಗ್ರಿಜ್ಲಿ ಕೊಂದಿತು. ಜೊತೆಯಲ್ಲಿದ್ದ ಬೇಟೆಗಾರ ಗಾಯಗೊಂಡು, ಕುದುರೆಯೇರಿ ಹೋಗಿ ಸಹಾಯ ಕೋರಬೇಕಾಯಿತು. ಇಬ್ಬರೂ ಕುದುರೆಗಳಿಂದ ಇಳಿದು ಕಳೇಬರದ ಬಳಿ ಕೆಲಸ ಮಾಡುತ್ತಿದ್ದಾಗ ಬಂದ ಅಪಾಯ ಅದು. ಇಂತಹ ಸಾವುಗಳ ನೆನಪು ಹೊತ್ತ ಊರಿಗೆ ಸಂಖ್ಯಾಶಾಸ್ತ್ರದ ಸಮಾಧಾನ ಸಾಲದು.

ಆದರೂ ರಾಜ್ಯಗಳು ಎತ್ತುವ ಪ್ರಶ್ನೆ ಅಪೂರ್ಣ. ಕರಡಿಗಳು ಎಷ್ಟಿವೆ ಎಂಬುದನ್ನಷ್ಟೇ ಅವು ಮುಂದಿಡುತ್ತವೆ. ಆ ಸಂಖ್ಯೆಯನ್ನು ಸಾಧ್ಯವಾಗಿಸಿದ ಕಸದ ಡಬ್ಬಿ, ಗಸ್ತು, ತರಬೇತಿ, ವರದಿಯ ನಮೂನೆ, ಪರಿಹಾರ ಇವುಗಳ ಖರ್ಚನ್ನು ನಾಳೆಯೂ ಯಾರು ಭರಿಸುತ್ತಾರೆ ಎಂಬುದಕ್ಕೆ ಮೊದಲು ಉತ್ತರ ಬೇಕು. ರಕ್ಷಣೆ ತೆಗೆದರೆ ಜವಾಬ್ದಾರಿ ರಾಜ್ಯಗಳಿಗೆ ವರ್ಗವಾಗುತ್ತದೆ. ಹಣ ವರ್ಗವಾಗುವ ಖಾತರಿಯಿಲ್ಲ. ಕೇಂದ್ರದಲ್ಲಿ ಸಿಬ್ಬಂದಿ ಕರಗುತ್ತಿರುವ ಹೊತ್ತಿನಲ್ಲೇ ಹೊಣೆಯನ್ನು ಕೆಳಕ್ಕೆ ಇಳಿಸಿದರೆ, ನಡುವೆ ಬೀಳುವ ಸಂದಿನಲ್ಲಿ ಸಿಕ್ಕಿಕೊಳ್ಳುವವರು ಸವಾರ ಮತ್ತು ಕರಡಿ ಇಬ್ಬರೂ. ಎಂಜಲಿನ ರುಚಿ ಹತ್ತಿದ ಕರಡಿಯನ್ನು ಮರಳಿ ಕಾಡುಪ್ರಾಣಿ ಮಾಡುವುದು ಬಹುತೇಕ ಅಸಾಧ್ಯ. ಅದನ್ನು ಕೊಲ್ಲುವುದೇ ಸಾಮಾನ್ಯವಾಗಿ ಉಳಿಯುವ ದಾರಿ. ಅಂದರೆ ಒಂದೆರಡು ವರ್ಷಗಳ ಉಳಿತಾಯ ಮುಂದಿನ ಇಪ್ಪತ್ತು ವರ್ಷಗಳ ನಷ್ಟವಾಗಬಹುದು.

ದೂರದ ದೇಶದ ಈ ಅನುಭವದಲ್ಲಿ ನಮಗೂ ಒಂದು ಮಾತಿದೆ. ಹಂಪಿಗೆ ಸಮೀಪದ ದರೋಜಿ ಕರಡಿ ಧಾಮ 1994ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಬಂಡೆಗಳ ಮೇಲೆ ಸಿಹಿ ಬಳಿದು, ಮಧ್ಯಾಹ್ನದ ನಂತರ ಅದನ್ನು ನೆಕ್ಕಲು ಬರುವ ಕರಡಿಗಳನ್ನು ಪ್ರವಾಸಿಗರಿಗೆ ವೀಕ್ಷಣಾ ಗೋಪುರದಿಂದ ತೋರಿಸುವ ಪದ್ಧತಿ ವರ್ಷಗಳಿಂದ ನಡೆದುಬಂದಿದೆ. ನಮ್ಮ ಕರಡಿ ಗ್ರಿಜ್ಲಿಯಲ್ಲ. ಗೆದ್ದಲು, ಇರುವೆ, ಹಣ್ಣು, ಜೇನು ತಿಂದು ಬದುಕುವ ಪ್ರಾಣಿ. ಗೋಪುರದ ಮೇಲಿನ ಪ್ರವಾಸಿಗನಿಗೆ ಅದರಿಂದ ಅಪಾಯವಿಲ್ಲ. ಆದರೆ ಸುತ್ತಲಿನ ಹಳ್ಳಿಗಳ ಕುರಿಗಾಹಿಗೆ ಕುದುರೆಯ ಎತ್ತರವಿಲ್ಲ, ಸೊಂಟದಲ್ಲಿ ಸ್ಪ್ರೇ ಇಲ್ಲ. ಬೆಳಕು ಹರಿಯುವ ಮುನ್ನ ಬರಿಗಾಲಲ್ಲಿ ಕುರುಚಲು ಕಾಡು ದಾಟುವವನು ಅವನು. ಬೆದರಿದ ಕರಡಿ ಮೊದಲು ಎರಗುವುದು ಮುಖದ ಮೇಲೆ. ಗಾಯಗೊಂಡವರಿಗೆ ಪರಿಹಾರ ಮಂಜೂರು ಮಾಡುವ ಕಡತಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ಗಾಯವಾಗದಂತೆ ತಡೆಯುವ ಕಡತ ಅಷ್ಟು ದಪ್ಪವಾಗಿ ನಾನು ಕಂಡಿಲ್ಲ. ಸಿಹಿ ಬಳಿಯುವುದರಿಂದ ಕರಡಿಯ ಅಭ್ಯಾಸಗಳು ಎಷ್ಟು ಬದಲಾಗಿವೆ, ಧಾಮದ ಅಂಚಿನ ಹಳ್ಳಿಗಳಲ್ಲಿ ಎಲ್ಲಿ, ಯಾವ ಹೊತ್ತಿನಲ್ಲಿ ಅವು ಎದುರಾಗುತ್ತವೆ ಎಂಬುದನ್ನು ನಮೂನೆಯೊಂದರಲ್ಲಿ ದಿನವಹಿ ಬರೆದಿಡಲು ದೊಡ್ಡ ಬಂಡವಾಳವೇನೂ ಬೇಕಿಲ್ಲ. ಪ್ರವಾಸಿಗರಿಂದ ಬರುವ ಶುಲ್ಕದ ನಿಶ್ಚಿತ ಪಾಲನ್ನು ಆ ಹಳ್ಳಿಗಳ ಮುನ್ನೆಚ್ಚರಿಕೆಗೆ ಮೀಸಲಿಟ್ಟರೆ, ನೋಡುವವನ ಸಂತೋಷಕ್ಕೂ ನರಳುವವನ ಕಷ್ಟಕ್ಕೂ ಒಂದು ಲೆಕ್ಕದ ಸಂಬಂಧ ಏರ್ಪಡುತ್ತದೆ.

ಅಮೆರಿಕದ ಸಂಸತ್ತು ಗ್ರಿಜ್ಲಿಯನ್ನು ಪಟ್ಟಿಯಲ್ಲಿಡಲಿ, ಬಿಡಲಿ, ಆ ನಿರ್ಧಾರಕ್ಕೆ ಮುನ್ನ ಮೂರು ವಿಷಯಗಳನ್ನು ಬರಹದಲ್ಲಿ ಖಚಿತಪಡಿಸಬೇಕು: ದಾರಿ ಕಾಯುವ ಸಿಬ್ಬಂದಿಯ ಸಂಖ್ಯೆ, ಅವರ ಸಂಬಳದ ಮೂಲ, ಮತ್ತು ಜಾನುವಾರು ಕಳೆದುಕೊಂಡವರ ಪರಿಹಾರದ ಮೂಲ. ಹೊಸ ಶುಲ್ಕದ ಹಣವನ್ನು ಮೊದಲು ಈ ಬಾಬುಗಳಿಗೆ ವಿನಿಯೋಗಿಸಿದರೆ, 100 ಡಾಲರ್ ಕೊಟ್ಟ ಕನ್ನಡಿಗನಿಗೂ ಅದು ದುಬಾರಿಯೆನಿಸಲಾರದು. ಕಾಡಿನ ತಿರುವಿನಲ್ಲಿ ಕರಡಿ ಎದುರಾದಾಗ ಒಳ್ಳೆಯ ಕುದುರೆಯೂ ಧೈರ್ಯವಂತ ಮಾರ್ಗದರ್ಶಿಯೂ ಸಿಗುವುದು ಅದೃಷ್ಟ. ಅಂತಹ ಅದೃಷ್ಟವನ್ನು ನಂಬಿಕೊಳ್ಳುವ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ.